ಪೆಟ್ಟಿಗೆ ಹಾಡಬಾರದು

ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರು ಇದ್ದರು, ಎಂಜಿನಿಯರು ಇದ್ದರು, ಪಟ್ಟಣದಲ್ಲಿ ದೊಡ್ಡ ಹುದ್ದೆಯಲ್ಲಿ ಇರುವವರು ಇದ್ದರು. ನಾನು ಈ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ.ಯನ್ನು ಎರಡನೇ ದರ್ಜೆಯಲ್ಲಿ, ಅದೂ ಗಣಿತ ಮೇಷ್ಟ್ರ ದಯದಿಂದ, ಪಾಸು ಮಾಡಿದವನು. ಗುಬ್ಬಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು ಜೀವನ ಮಾಡಿದೆ. ಸಮಿತಿಯವರು ಫೋನು ಮಾಡಿ "ನಿಮ್ಮ ಸಾಧನೆ ಬಗ್ಗೆ ಹತ್ತು ನಿಮಿಷ ಮಾತಾಡಿ" ಅಂದಾಗ ನಗು ಬಂತು. ಆಮೇಲೆ ಯೋಚಿಸಿದೆ. ನನ್ನ ಸಾಧನೆ ಅಂತ ಇದ್ದರೆ ಅದು ಈ ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಕೂತಿದೆ. ಬೆಳಿಗ್ಗೆಯಿಂದ ನೀವು ಈ ಸಭಾಂಗಣದಲ್ಲಿ ಕೇಳಿದ ಭಾಷಣ, ಪ್ರಾರ್ಥನೆ, ಸ್ವಾಗತಗೀತೆ ಎಲ್ಲವೂ ಆ ಎರಡು ಮರದ ಪೆಟ್ಟಿಗೆಗಳ ಒಳಗಿಂದಲೇ ಬಂದವು. ಹಾಗಾಗಿ ನನ್ನ ಬಗ್ಗೆ ಹೇಳುವ ಬದಲು ಆ ಪೆಟ್ಟಿಗೆಗಳ ಬಗ್ಗೆ ಹೇಳುತ್ತೇನೆ. ಹೇಳುತ್ತಾ ಹೇಳುತ್ತಾ ಊರಿನ ಮುಂದೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೇ ಮುಖ್ಯವಾಗಿ ಬಂದಿದ್ದೇನೆ.

ನಾನು ಎಂಟನೇ ತರಗತಿಗೆ ಸೇರಿದ್ದು 1979ರಲ್ಲಿ. ಆಗ ಶಾಲೆಗೆ ಹೆಂಚಿನ ಎರಡು ಕೊಠಡಿ, ಒಂದು ಹೊಂಗೆ ಮರ. ಮಳೆ ಬಂದರೆ ಎಂಟು ಮತ್ತು ಒಂಬತ್ತು ಎರಡೂ ಒಂದೇ ಕೋಣೆ. ಧ್ವನಿವರ್ಧಕ ಅಂದರೆ ನಮಗೆ ಗೊತ್ತಿದ್ದುದು ಹಾರ್ನು ಮಾತ್ರ. ಮದುವೆಮನೆಯ ತೆಂಗಿನ ಮರಕ್ಕೆ ಕಟ್ಟುತ್ತಿದ್ದರಲ್ಲ, ಉಮ್ಮತ್ತಿ ಹೂವಿನ ಆಕಾರದ್ದು, ಅದು. ಅದರ ದನಿ ಎರಡು ಮೈಲಿ ಹೋಗುತ್ತಿತ್ತು, ಆದರೆ ಮೂಗಿನಲ್ಲಿ ಮಾತಾಡಿದ ಹಾಗೆ ಇರುತ್ತಿತ್ತು. ಹಾರ್ನಿನ ಬಾಯಿ ಸಣ್ಣದು, ತಗ್ಗಿನ ಸ್ವರ ಅದರಿಂದ ಹೊರಗೆ ಬರುವುದಿಲ್ಲ. ಮೃದಂಗದ ಬಲಗೈ ಕೇಳಿಸುತ್ತದೆ, ಎಡಗೈ ಕೇಳಿಸುವುದಿಲ್ಲ. ನಮ್ಮೂರಿನ ಮುದುಕರು ಗುಬ್ಬಿ ಕಂಪನಿಯ ನಾಟಕ ನೋಡಿ ಬೆಳೆದವರು. ಹಾರ್ನು ಕೇಳಿದಾಗಲೆಲ್ಲ "ಇದೆಂಥ ದನಿ ಬುಡು, ವೀರಣ್ಣನವರ ಕಂಪನಿಯೋರು ಮೈಕಿಲ್ದೆ ಕೊನೇ ಸಾಲಿಗೆ ಮುಟ್ಟಿಸೋರು" ಅನ್ನುತ್ತಿದ್ದರು. 1884ರಲ್ಲಿ ಶುರುವಾದ ಕಂಪನಿ ಅದು. ಮೈಕು ಬರುವ ಮೊದಲು ಎಷ್ಟೋ ದಶಕ ಬರೀ ಗಂಟಲಿನ ಮೇಲೆ ನಡೆಯಿತು. ಗುಬ್ಬಿಯ ನೆಲದಲ್ಲಿ ಸ್ಪೀಕರ್ ಮಾಡಿ ಮಾರುವವನಿಗೆ ಈ ಹೋಲಿಕೆ ಜೀವಮಾನವಿಡೀ ತಪ್ಪಲಿಲ್ಲ.

ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಹಳೇ ರೇಡಿಯೋದಿಂದ ಕಿತ್ತ ಸ್ಪೀಕರ್ ತಂದರು. ಅದರ ಎರಡು ತಂತಿಗೆ ಟಾರ್ಚಿನ ಸೆಲ್ಲು ಮುಟ್ಟಿಸಿದರೆ ಕಾಗದದ ಕೋನು ಟಪ್ ಅಂತ ಮುಂದಕ್ಕೆ ಹಾರುತ್ತಿತ್ತು. ಸೆಲ್ಲು ತಿರುಗಿಸಿ ಹಿಡಿದರೆ ಹಿಂದಕ್ಕೆ. ಅಯಸ್ಕಾಂತ, ಅದರ ನಡುವೆ ತಾಮ್ರದ ಸುರುಳಿ, ಸುರುಳಿಗೆ ಅಂಟಿದ ಕಾಗದ, ಇಷ್ಟೇ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇದನ್ನು ಒಂದು ಹದಕ್ಕೆ ತಂದರು. ಸುಮಾರು ನೂರು ವರ್ಷವಾಯಿತು, ಮೂಲ ಉಪಾಯ ಇಂದಿಗೂ ಅದೇ.

ಆಮೇಲೆ ಮೇಷ್ಟ್ರು ಸ್ಪೀಕರನ್ನು ರೇಡಿಯೋಗೆ ಸೇರಿಸಿ ಕೈಯಲ್ಲಿ ಹಿಡಿದರು. ಆಕಾಶವಾಣಿಯಲ್ಲಿ ಯಾವುದೋ ಹಾಡು ಬರುತ್ತಿತ್ತು. ಸೊಳ್ಳೆ ಹಾಡಿದ ಹಾಗಿತ್ತು. ಮೂಲೆಯಲ್ಲಿ ಒಂದು ಸೀಳಿದ ಕಪ್ಪುಹಲಗೆ ಬಿದ್ದಿತ್ತು, ಗಂಟು ಉದುರಿ ತೂತಾದದ್ದು. ಮೇಷ್ಟ್ರು ಸ್ಪೀಕರನ್ನು ಆ ತೂತಿಗೆ ಒತ್ತಿ ಹಿಡಿದರು. ತಟ್ಟನೆ ಹಾಡಿಗೆ ಹೊಟ್ಟೆ ಬಂತು! ತಬಲದ ಎಡ ಕೇಳಿಸಿತು. ತೆಗೆದರೆ ಸೊಳ್ಳೆ, ಒತ್ತಿದರೆ ಮನುಷ್ಯ. ಹತ್ತು ಸಲ ಮಾಡಿ ತೋರಿಸಿದರೂ ನನಗೆ ಸಾಕಾಗಲಿಲ್ಲ.

"ಇದು ಯಾಕೆ ಹೀಗೆ ಹೇಳು" ಅಂದರು. ಯಾರಿಗೂ ಗೊತ್ತಿರಲಿಲ್ಲ. ಅವರು ಹೇಳಿದ ವಿವರಣೆ ಇವತ್ತಿಗೂ ನಾನು ಗಿರಾಕಿಗಳಿಗೆ ಹೇಳುವುದು. ಕೋನು ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಮುಂದಿನ ಒತ್ತಡ ಅಂಚು ಸುತ್ತಿ ಹಿಂದಕ್ಕೆ ಹೋಗಿ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಮೇಲುಗದ್ದೆಗೂ ಕೆಳಗದ್ದೆಗೂ ನಡುವೆ ಬದು ಇಲ್ಲದಿದ್ದರೆ ನೀರು ಎಲ್ಲಿ ನಿಲ್ಲುತ್ತೆ? ಕೀಚು ಸ್ವರದ ಅಲೆ ಬೆರಳುದ್ದ, ಗೇಣುದ್ದ. ಅದು ಅಂಚು ಸುತ್ತುವ ಮೊದಲೇ ಹೊರಟುಹೋಗುತ್ತದೆ. ಆದರೆ ಸೆಕೆಂಡಿಗೆ 50 ಸಲ ಅಲುಗುವ ತಗ್ಗು ಸ್ವರದ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅದಕ್ಕೆ ಗೇಣಗಲದ ಸ್ಪೀಕರಿನ ಅಂಚು ಒಂದು ಲೆಕ್ಕವೇ ಅಲ್ಲ. ಆದ್ದರಿಂದ ಬದು ಬೇಕು. ಹಲಗೆ ದೊಡ್ಡದಾದಷ್ಟೂ ಬದು ದೊಡ್ಡದು. ಮನೆಯಲ್ಲಿ ಬಾಗಿಲಗಲದ ಹಲಗೆ ಇಟ್ಟುಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೇ ಹಲಗೆಯನ್ನು ಹಿಂದಕ್ಕೆ ಮಡಚಿ ಮುಚ್ಚಿಬಿಡುತ್ತಾರೆ. ಅದೇ ಪೆಟ್ಟಿಗೆ.

ಆ ಕಪ್ಪುಹಲಗೆಯನ್ನು ಮೇಷ್ಟ್ರಿಗೆ ಹೇಳದೆ ಸಂಜೆ ಮನೆಗೆ ಹೊತ್ತುಕೊಂಡು ಹೋಗಿ, ಅಪ್ಪನ ಹತ್ತಿರ ಗಂಟಿನ ತೂತನ್ನು ದುಂಡಗೆ ಕೊರೆಸಿ, ಮಾರನೇ ದಿನ ಹೆಡ್ಮಾಸ್ಟರ ಹತ್ತಿರ ಬೈಸಿಕೊಂಡೆ. ಸರ್ಕಾರಿ ಸ್ವತ್ತು ಕೆಡಿಸಿದ ಅಂತ. ಅದು ಸಣ್ಣ ತಪ್ಪು. ನಾನು ಒಪ್ಪಿಕೊಳ್ಳಬೇಕು ಅಂದದ್ದು ಅದಲ್ಲ.

ನನ್ನ ಅಪ್ಪ ಈ ಊರಿನ ಆಚಾರ್ರು. ಈಗಿನ ಮಕ್ಕಳಿಗೆ ಗೊತ್ತಿರಲಾರದು, ಹಿರಿಯರಿಗೆ ಗೊತ್ತು. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಹೊಸಿಲು, ನೇಗಿಲು, ತೊಟ್ಟಿಲು ಅವರ ಕೈಯಿಂದ ಬಂದವು. ಬಾಚಿ, ಉಳಿ, ಕೊಡತಿ, ತೋಪಡ, ಮೂಲೆಮಟ್ಟ, ಇವಿಷ್ಟರಲ್ಲಿ ಅವರು ಮಾಡದೇ ಇದ್ದ ವಸ್ತುವಿಲ್ಲ. ಮರದಲ್ಲಿ ಅವರಿಗೆ ಹಲಸು ಅಂದರೆ ಪ್ರಾಣ. ನಮ್ಮ ತುಮಕೂರು ಸೀಮೆ ಹಲಸಿನ ಸೀಮೆಯೇ. ಈಚೆಗೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ದೇಶಕ್ಕೇ ಹೆಸರಾಯಿತು, ಕೆಂಪು ತೊಳೆಯದು. ಎಲ್ಲರೂ ಹಣ್ಣು ನೋಡಿದರೆ ಅಪ್ಪ ಕಾಂಡ ನೋಡುತ್ತಿದ್ದರು. ಕೊಯ್ದಾಗ ಅರಿಶಿನದ ಬಣ್ಣ, ವರ್ಷ ಕಳೆದಂತೆ ಜೇನುತುಪ್ಪದ ಬಣ್ಣ. ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ.

ಎಸ್.ಎಸ್.ಎಲ್.ಸಿ. ಆದಮೇಲೆ ನಾನು ತುಮಕೂರಿನಲ್ಲಿ ಐ.ಟಿ.ಐ.ಗೆ ಸೇರಿ ರೇಡಿಯೋ ಕೆಲಸ ಕಲಿತೆ. ರಜೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ತಂದು ಆಂಪ್ಲಿಫೈಯರ್ ಜೋಡಿಸುತ್ತಿದ್ದೆ. ಪೆಟ್ಟಿಗೆಗೆ ದುಡ್ಡಿರಲಿಲ್ಲ. ಆಗ ನಮ್ಮ ಹುಡುಗರೆಲ್ಲ ಮಾಡುತ್ತಿದ್ದದ್ದು ಮಡಕೆ ಸ್ಪೀಕರ್. ಕುಂಬಾರರ ಮನೆಯಿಂದ ಒಂದು ಮಡಕೆ ತಂದು, ಬಾಯಿಗೆ ಸ್ಪೀಕರ್ ಕೂರಿಸಿ, ತಳಕ್ಕೆ ತೂತು ಮಾಡಿ ತಂತಿ ಎಳೆದು, ಅಟ್ಟದ ಜಂತೆಗೆ ತಲೆಕೆಳಗಾಗಿ ನೇತುಹಾಕುವುದು. ಇಲ್ಲಿ ನಗುತ್ತಿರುವವರೆಲ್ಲ ಮಾಡಿದವರೇ. ಮಡಕೆ ಕೆಟ್ಟ ಉಪಾಯವಲ್ಲ. ಸುತ್ತ ಗುಂಡಗಿರುವುದರಿಂದ ಗೋಡೆ ಗಟ್ಟಿ, ನಡುಗುವುದಿಲ್ಲ. ತೊಂದರೆ ಒಳಗಿನ ಗಾಳಿಯದು. ಖಾಲಿ ಕೊಡದ ಬಾಯಿಗೆ ಊದಿದರೆ ಒಂದೇ ಒಂದು ಸ್ವರ ಹೂಂ ಅನ್ನುತ್ತದಲ್ಲ, ಹಾಗೆ ಮಡಕೆಯೂ ತನಗಿಷ್ಟವಾದ ಒಂದು ಸ್ವರ ಬಂದಾಗಲೆಲ್ಲ ಹೂಂ ಅನ್ನುತ್ತದೆ. ಯಾವ ಹಾಡು ಹಾಕಿದರೂ ಅದೇ ಹೂಂ. ಹಳೇ ಕೌದಿಯ ಹತ್ತಿ ತುಂಬಿದರೆ ಅರ್ಧ ಸುಮ್ಮನಾಗುತ್ತದೆ.

1985ರ ಶ್ರಾವಣದಲ್ಲಿ ಅಪ್ಪ ನನ್ನ ಮಡಕೆ ನೋಡಿ "ಆಚಾರಿ ಮಗ ಕುಂಬಾರನ ಮನೇಗೆ ಹೋಗವ್ನೆ" ಅಂದರು. ಮಾರನೇ ದಿನ ಅಟ್ಟದಿಂದ ನಾಲ್ಕು ಹಲಸಿನ ಹಲಗೆ ಇಳಿಸಿದರು. ಅಕ್ಕನ ಮಂಚಕ್ಕೆಂದು ಆರು ವರ್ಷ ಒಣಗಿಸಿ ಇಟ್ಟಿದ್ದವು. ಇಪ್ಪತ್ತು ದಿನ ಕೂತು ಎರಡು ಪೆಟ್ಟಿಗೆ ಮಾಡಿದರು. ಮೂಲೆಗಳನ್ನು ಎರಡು ಕೈಬೆರಳು ಹೆಣೆದಂತೆ ಹಲ್ಲು ಹಲ್ಲಾಗಿ ಕೂರಿಸಿದರು, ಒಂದು ಮೊಳೆ ಇಲ್ಲ. ಮುಂದಿನ, ಹಿಂದಿನ ಹಲಗೆಗಳನ್ನು ಬಾಗಿಲಿನ ದಿಳ್ಳೆಯ ಹಾಗೆ ಗಾಡಿಯೊಳಗೆ ಸಡಿಲವಾಗಿ ಇಳಿಸಿದರು. "ಯಾಕೆ ಸಡಿಲ?" ಅಂದೆ. "ಮರ ಮಳೆಗಾಲದಲ್ಲಿ ಉಬ್ಬತೈತೆ, ಬ್ಯಾಸಗೇಲಿ ಕುಗ್ಗತೈತೆ. ಉದ್ದಕ್ಕಲ್ಲ, ಅಡ್ಡಕ್ಕೆ. ಅದಕ್ಕೆ ಆಡಾಕೆ ಜಾಗ ಬುಡಬೇಕು ಕಣ್ಲಾ" ಅಂದರು.

ಇಲ್ಲಿಂದ ನನ್ನ ತಪ್ಪು ಶುರು.

ಪೆಟ್ಟಿಗೆ ನೋಡಲು ದೇವರ ಮಂಟಪದ ಹಾಗಿತ್ತು. ಆದರೆ ಹಾಡು ಹಾಕಿದಾಗ ಎರಡು ಗೋಳು. ಒಂದು, ಸಡಿಲ ಗಾಡಿಯಿಂದ ಗಾಳಿ ಸೋರಿ ಪುಸ್ ಪುಸ್ ಅನ್ನುತ್ತಿತ್ತು. ಎರಡು, ಒಂದು ಗಂಡು ಸ್ವರ ಬಂದಾಗ ಪಕ್ಕದ ಹಲಗೆಯೇ ಹಾಡಿಗೆ ಸೇರಿಕೊಂಡು ಗುಂಯ್ ಅನ್ನುತ್ತಿತ್ತು. ಅದರ ಮೇಲೆ ಅಂಗೈ ಇಟ್ಟರೆ ದನದ ಮೈ ನಡುಗಿದ ಹಾಗೆ ನಡುಗುವುದು ಗೊತ್ತಾಗುತ್ತಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ವೀಣೆ, ಮೃದಂಗ ಮಾಡುವುದು ಯಾವ ಮರದಲ್ಲಿ? ಹಲಸಿನಲ್ಲೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಊರಿಗೆ ಊರೇ ವೀಣೆ ಮಾಡುತ್ತದೆ, ಹಲಸಿನ ಮರದಿಂದ. ಹಲಸು ಹಾಡುವ ಮರ. ವೀಣೆಗೆ ಮರ ಹಾಡಬೇಕು. ಸ್ಪೀಕರ್ ಪೆಟ್ಟಿಗೆ ಹಾಡಬಾರದು. ಹಾಡುವ ಕೆಲಸ ಕಾಗದದ ಕೋನಿನದು, ಪೆಟ್ಟಿಗೆಯ ಕೆಲಸ ಬಾಯಿ ಮುಚ್ಚಿಕೊಂಡು ಕೂರುವುದು. ಈ ಮಾತನ್ನು ಅವತ್ತು ಅಪ್ಪನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇಪ್ಪತ್ತು ದಿನದ ಕೆಲಸ, ಅಕ್ಕನ ಮಂಚದ ಮರ.

ಅಪ್ಪ ಕೆಲಸಕ್ಕೆ ಕುಣಿಗಲ್ಲಿಗೆ ಹೋಗಿದ್ದ ವಾರ ನಾನೇ ಪೆಟ್ಟಿಗೆ ಬಿಚ್ಚಿದೆ. ಗಾಡಿಗೆಲ್ಲ ಫೆವಿಕಾಲ್ ತುಂಬಿ ಬಿಗಿ ಮಾಡಿದೆ. ನಡುಗುವ ಹಲಗೆಗಳ ಒಳಮೈಗೆ ಎಳೆಗೆ ಅಡ್ಡಲಾಗಿ ಹೊನ್ನೆ ಪಟ್ಟಿ ಇಟ್ಟು, ಫೆವಿಕಾಲ್ ಹಾಕಿ, ಆರಾರು ಸ್ಕ್ರೂ ಜಡಿದು ಮುಚ್ಚಿಬಿಟ್ಟೆ. ಗುಂಯ್ ಹೋಯಿತು. ಕುಣಿಗಲ್ಲಿನಿಂದ ಬಂದ ಅಪ್ಪ ಕೇಳಿ "ಈಗ ಹದಕ್ಕೆ ಬಂತು ನೋಡು, ಮರ ಪಳಗತು" ಅಂದರು. ನಾನು ಸುಮ್ಮನಿದ್ದೆ.

ಮಳೆಗಾಲದಲ್ಲಿ ಉಬ್ಬಿದ್ದ ಹಲಗೆಗೆ ಅಡ್ಡಪಟ್ಟಿ ಜಡಿದರೆ ಏನಾಗುತ್ತದೆ ಅಂತ ಇಲ್ಲಿರುವ ಮರಗೆಲಸದವರಿಗೆ ನಾನು ಹೇಳಬೇಕಾಗಿಲ್ಲ.

1986ರ ಶಾಲಾ ವಾರ್ಷಿಕೋತ್ಸವ ಶಿವರಾತ್ರಿಯ ಹತ್ತಿರ ಬಿತ್ತು, ಸಿದ್ಧಗಂಗೆ ಜಾತ್ರೆಗೆ ದನ ಹೊಡೆದುಕೊಂಡು ಹೋಗುವ ಕಾಲ. ಒಣ ಗಾಳಿ. ಹೆಡ್ಮಾಸ್ಟರು ಪ್ರೀತಿಯಿಂದ "ನಮ್ಮ ವಿದ್ಯಾರ್ಥಿಯ ಸ್ಪೀಕರ್, ನಮ್ಮ ಆಚಾರ್ರ ಪೆಟ್ಟಿಗೆ" ಅಂತ ಹೇಳಿಸಿಯೇ ವೇದಿಕೆಯಲ್ಲಿ ಇಡಿಸಿದರು. ಮುಖ್ಯ ಅತಿಥಿಗಳು ಮಾತಿಗೆ ನಿಂತು ಎರಡು ನಿಮಿಷವಾಗಿರಬಹುದು, ಬಲಗಡೆ ಪೆಟ್ಟಿಗೆಯಿಂದ ಪಟಾರ್ ಅಂತ ಸದ್ದು. ಪಕ್ಕದ ಹಲಗೆ ಮೇಲಿಂದ ಕೆಳಗೆ ಸೀಳಿತು. ಅಲ್ಲಿಂದ ಅತಿಥಿಗಳು ಏನು ಹೇಳಿದರೂ ಹಿಂದೆ ಕರ್ರ್ ಕರ್ರ್ ಅಂತ ಕಪ್ಪೆ ವಟಗುಟ್ಟಿದ ಹಾಗೆ. ಮಕ್ಕಳು ಮೊದಲು ನಕ್ಕರು, ಆಮೇಲೆ ದೊಡ್ಡವರು. ಕೊನೇ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಕೂತಿದ್ದ ಅಪ್ಪ ಎದ್ದು ಹೊರಗೆ ಹೋದರು.

"ಆಚಾರ್ರ ಪೆಟ್ಟಿಗೆ ಬಾಯಿ ಬಿಟ್ಟಿತು" ಅನ್ನುವುದು ಊರಲ್ಲಿ ಗಾದೆಯೇ ಆಯಿತು. ಯಾರದ್ದಾದರೂ ಕೆಲಸ ಕೆಟ್ಟರೆ ಹೇಳುತ್ತಿದ್ದರು. ನಾನೂ ಕೇಳಿಸಿಕೊಂಡಿದ್ದೇನೆ, ಅಪ್ಪನೂ ಕೇಳಿಸಿಕೊಂಡಿದ್ದಾರೆ. ನಲವತ್ತು ವರ್ಷ ಮರಗೆಲಸ ಮಾಡಿದವರ ಹೆಸರಿಗೆ ಅದೊಂದು ಮಾತು ಅಂಟಿಕೊಂಡಿತು. ಈಗ ಈ ಸಭೆಯ ಮುಂದೆ ಹೇಳುತ್ತಿದ್ದೇನೆ. ಪೆಟ್ಟಿಗೆ ಸೀಳಿದ್ದು ಆಚಾರ್ರ ಕೆಲಸದಿಂದಲ್ಲ, ಹಲಸಿನಿಂದಲೂ ಅಲ್ಲ. ಅವರು ಬಿಟ್ಟಿದ್ದ ಜಾಗವನ್ನು ಅವರಿಗೆ ಹೇಳದೆ ಮುಚ್ಚಿದವನು ನಾನು. ಆ ಗಾದೆಯನ್ನು ಯಾರಾದರೂ ಇನ್ನೂ ಹೇಳುವುದಿದ್ದರೆ ದಯವಿಟ್ಟು ಹೆಸರು ಬದಲಾಯಿಸಿಕೊಳ್ಳಿ.

ಅಪ್ಪನಿಗೆ ಗೊತ್ತಿತ್ತೇ ಅಂತ ನೀವು ಕೇಳಬಹುದು. ಐದು ವರ್ಷ ಅವರು ಅದರ ಬಗ್ಗೆ ಮಾತೇ ಎತ್ತಲಿಲ್ಲ. 1991ರಲ್ಲಿ ನಾನು ಗುಬ್ಬಿಯಲ್ಲಿ ಅಂಗಡಿ ಹಾಕಿ ಪ್ಲೈವುಡ್ ಪೆಟ್ಟಿಗೆ ಮಾಡಲು ಒದ್ದಾಡುತ್ತಿದ್ದಾಗ ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದು ಬಂದರು. ಸ್ವಲ್ಪ ಹೊತ್ತು ನೋಡಿ, ಪ್ಲೈವುಡ್ಡಿನ ಅಂಚು ಉಗುರಿನಲ್ಲಿ ಕೆರೆದು, "ಇದ್ರಲ್ಲಿ ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಐತೆ. ಇದಕ್ಕೆ ಅಡ್ಡಪಟ್ಟಿ ಜಡಿದ್ರೂ ಸೀಳಾಕಿಲ್ಲ" ಅಂದರು. ನನ್ನ ಮುಖ ನೋಡಲಿಲ್ಲ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಗರಗಸ ತೆಗೆದುಕೊಂಡರು. ಅಷ್ಟೇ ಅವರು ಆಡಿದ್ದು.

ಆ ದಿನದಿಂದ ಹದಿನೈದು ವರ್ಷ, ಅವರು ತೀರಿಕೊಳ್ಳುವವರೆಗೆ, ನಾವಿಬ್ಬರೂ ಸೇರಿ ಎಷ್ಟೋ ಪೆಟ್ಟಿಗೆ ಮಾಡಿದೆವು. ಲೆಕ್ಕ ನನ್ನದು, ಕೈ ಅವರದು. ಲೆಕ್ಕದ ವಿಷಯದಲ್ಲಿ ನಾನು ಋಣಿಯಾಗಿರುವುದು ದೂರದ ಆಸ್ಟ್ರೇಲಿಯಾದವರಿಗೆ. ಅಲ್ಲಿನ ಥೀಲ್ ಎಂಬ ಎಂಜಿನಿಯರು 1961ರಲ್ಲಿ, ಆಮೇಲೆ ಸಿಡ್ನಿಯಲ್ಲಿದ್ದ ಸ್ಮಾಲ್ ಎಂಬವರು 1970ರ ದಶಕದ ಮೊದಲಲ್ಲಿ, ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಅಂತ ಸೂತ್ರ ಕಟ್ಟಿಕೊಟ್ಟರು. ಅದಕ್ಕೆ ಮುಂಚೆ ಎಲ್ಲರೂ ಅಂದಾಜಿನ ಮೇಲೆಯೇ ಹೋಗುತ್ತಿದ್ದರು.

ಹಿಂದಿನ ಸಾಲಿನ ಹುಡುಗರು ಪುಸ್ತಕ ತೆಗೆದದ್ದು ಕಾಣುತ್ತಿದೆ, ಅವರಿಗಾಗಿ ಅಳತೆ ಹೇಳುತ್ತೇನೆ. ಇಲ್ಲಿರುವ ಪೆಟ್ಟಿಗೆಯ ಸ್ಪೀಕರ್ 8 ಇಂಚು. ಪೆಟ್ಟಿಗೆಯ ಒಳಅಳತೆ 48 ಸೆಂ.ಮೀ. ಎತ್ತರ, 26 ಅಗಲ, 24 ಆಳ. ಗುಣಿಸಿ ನೋಡಿ, 30 ಲೀಟರ್ ಹತ್ತಿರ ಬರುತ್ತದೆ. 18 ಮಿ.ಮೀ. ಪ್ಲೈವುಡ್. ಮುಂದೆ ಕೆಳಗಡೆ ಒಂದು ಕೊಳವೆ ಕಾಣುತ್ತದಲ್ಲ, ಅದು ನಿಮ್ಮ ತೋಟದ್ದೇ 3 ಇಂಚಿನ ಪಿ.ವಿ.ಸಿ. ಪೈಪು, 10 ಸೆಂ.ಮೀ. ಉದ್ದ. ಖಾಲಿ ಕೊಡ ಹೂಂ ಅನ್ನುವ ಗುಣವನ್ನೇ ಇಲ್ಲಿ ಪಳಗಿಸಿ ದುಡಿಸಿಕೊಳ್ಳುವುದು. ಕೋನು ಸೋಲುವ ತಗ್ಗಿನಲ್ಲಿ, ಸುಮಾರು 50 ಹರ್ಟ್ಸ್‌ನಲ್ಲಿ, ಈ ಕೊಳವೆಯ ಗಾಳಿ ಹೆಗಲು ಕೊಡುತ್ತದೆ. ಪೈಪನ್ನು ಅರ್ಧಕ್ಕೆ ಕತ್ತರಿಸಿದರೆ ಆ ಸ್ವರ 60 ದಾಟುತ್ತದೆ, ಆಗ ಮಡಕೆಯ ಹೂಂ ತಿರುಗಿ ಬರುತ್ತದೆ. ಆದರೆ ಎಲ್ಲ 8 ಇಂಚಿನ ಸ್ಪೀಕರಿಗೂ ಇದೇ ಅಳತೆ ಅಂದುಕೊಳ್ಳಬೇಡಿ. ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿ ಅದರ ಗುಣದ ಅಂಕಿಗಳು ಇರುತ್ತವೆ. ಚೀಟಿ ಇಲ್ಲದ ಸ್ಪೀಕರ್ ಕೊಳ್ಳುವುದು ಜಾತಕ ಇಲ್ಲದ ಹೆಣ್ಣು ನೋಡಿದ ಹಾಗೆ ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ಅವರು ಅಮ್ಮನನ್ನು ಜಾತಕ ನೋಡದೆಯೇ ಮದುವೆಯಾದವರು.

ಪ್ಲೈವುಡ್ಡು ಸಂನ್ಯಾಸಿಯೇನಲ್ಲ, ಅದೂ ಹಾಡುತ್ತದೆ. ಎಡ ಹಲಗೆಯಿಂದ ಬಲ ಹಲಗೆಗೆ ಒಳಗೆ ಒಂದು ಅಡ್ಡಗೋಲು ಕೊಟ್ಟರೆ ಬಹಳ ಮಟ್ಟಿಗೆ ಸುಮ್ಮನಾಗುತ್ತದೆ. ಗೋಲು ನಟ್ಟನಡುವೆ ಬೇಡ, ಸ್ವಲ್ಪ ಆಚೆ ಇರಲಿ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆಯೇ. ಡಬ್ ಅಂದರೆ ಸರಿ, ಡಣ್ ಅಂದರೆ ಇನ್ನೊಂದು ಗೋಲು. ಸಂದುಗಳಿಗೆ ಫೆವಿಕಾಲಿಗೆ ಗರಗಸದ ಹೊಟ್ಟು ಕಲಸಿ ತುಂಬಿ. ಗಾಳಿ ಸೋರುತ್ತದೆಯೇ ನೋಡಲು ಹಾಡು ಜೋರಾಗಿ ಹಾಕಿ ಊದುಬತ್ತಿಯನ್ನು ಸಂದಿನ ಉದ್ದಕ್ಕೂ ಹಿಡಿಯಿರಿ, ಹೊಗೆ ಎಲ್ಲಿ ಓಲಾಡುತ್ತದೋ ಅಲ್ಲಿ ಕಳ್ಳ ಇದ್ದಾನೆ. ಸ್ಪೀಕರಿನ ಚಕ್ರದ ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಹಾಕಿದರೆ ಅಲ್ಲೂ ಬಿಗಿ. ಒಳಗೋಡೆಗೆ ತೆಳ್ಳಗೆ ಹತ್ತಿ, ಆದರೆ ಕೊಳವೆಯ ಬಾಯಿಗೆ ಅಡ್ಡ ಬರಬಾರದು.

ಇನ್ನು ಮೈ ಬಣ್ಣ. ಪೆಟ್ಟಿಗೆ ಸುಮ್ಮನೆ ಕೂರಬೇಕು ಅಂದಮೇಲೆ ಅಲಂಕಾರ ಯಾಕೆ ಅಂತ ನಾನು ವಾದ ಮಾಡಿದೆ. ಕಪ್ಪು ಬಣ್ಣ ಬಳಿದರೆ ಸಾಕು ಅಂದೆ. ಅಪ್ಪ ಒಪ್ಪಲಿಲ್ಲ. "ಬತ್ತಲೆ ಪ್ಲೈವುಡ್ಡು ಸಭೇಲಿ ಕೂರಬಾರದು" ಅಂದರು. ಸೀಳಿದ ಹಳೇ ಪೆಟ್ಟಿಗೆಯ ಹಲಗೆಗಳನ್ನು ಅವರು ಎಸೆದಿರಲಿಲ್ಲ, ಅಟ್ಟದಲ್ಲೇ ಇದ್ದವು. ಅವನ್ನು ಗುಬ್ಬಿಯ ಸಾಮಿಲ್ಲಿಗೆ ತಂದು ಎರಡು ಮಿಲಿಮೀಟರಿನ ತೆಳು ಹಾಳೆಗಳಾಗಿ ಕೊಯ್ಯಿಸಿದರು. ಹಲಗೆ ದಪ್ಪ ಇದ್ದಾಗ ಅದರ ಉಬ್ಬು ಕುಗ್ಗನ್ನು ಯಾರೂ ತಡೆಯಲಾರರು, ಅಷ್ಟು ತೆಳ್ಳಗಾದಾಗ ಪ್ಲೈವುಡ್ಡಿನ ಬೆನ್ನಿಗೆ ಅಂಟಿಕೊಂಡು ಹೇಳಿದ ಹಾಗೆ ಕೇಳುತ್ತದೆ. ಒಂದೇ ಮೈಗೆ ಅಂಟಿಸಿದರೆ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ ಅಂತ ಒಳಮೈಗೂ ಅಗ್ಗದ ಮರದ ಹಾಳೆ ಹಚ್ಚಿಸಿದರು. "ಯಾರಿಗೂ ಕಾಣಾಕಿಲ್ಲವಲ್ಲಪ್ಪಾ" ಅಂದರೆ "ಮರಕ್ಕೆ ಕಾಣತೈತೆ" ಅಂದರು.

ಆಮೇಲೆ ಉಪ್ಪುಕಾಗದ. 80ರಿಂದ ಶುರು ಮಾಡಿ 120, 180, 320, ಎಳೆಯ ಗುಂಟ ಮಾತ್ರ. ಅಡ್ಡ ಉಜ್ಜಿದ ಒಂದು ಗೀರು ಪಾಲಿಶ್ ಬಿದ್ದಮೇಲೆ ಹತ್ತರಷ್ಟು ಕಾಣುತ್ತದೆ. ಅರಗಿನ ಚಕ್ಕೆಯನ್ನು ರಾತ್ರಿ ಸ್ಪಿರಿಟ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಹಳೇ ಪಂಚೆಯ ತುಂಡಿನಲ್ಲಿ ಹತ್ತಿ ಸುತ್ತಿದ ಉಂಡೆಯಿಂದ ಎಳೆದೆಳೆದು ಹಚ್ಚುವುದು. ಒಂದೇ ಕಡೆ ಉಂಡೆ ನಿಂತರೆ ಕೆಳಗಿನ ಪದರ ಕಿತ್ತು ಬರುತ್ತದೆ. ಪದರ ತೆಳ್ಳಗಿರಬೇಕು, ಎಷ್ಟು ಪದರ ಅಂತ ಅಪ್ಪ ಎಣಿಸುತ್ತಿರಲಿಲ್ಲ. ಮೋಡ ಇದ್ದ ದಿನ ಪಾಲಿಶಿನ ಡಬ್ಬಿಯ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ಗಾಳಿಯ ತೇವ ಸೇರಿ ಮೈ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ನಾನು ಒಂದು ಸಲ ಅವಸರಕ್ಕೆ ಆಷಾಢದಲ್ಲಿ ಹಚ್ಚಿ ಗಿರಾಕಿಗೆ ಕೊಟ್ಟು ತಿರುಗಿ ತಂದಿದ್ದೇನೆ. ಮುಂದಿನ ಬಟ್ಟೆ ಆರಿಸುವುದಕ್ಕೆ ಒಂದೇ ಪರೀಕ್ಷೆ. ಬಾಯಿಗೆ ಹಿಡಿದು ಊದಿ, ಉಸಿರು ಸಲೀಸಾಗಿ ಆಚೆ ಹೋದರೆ ಹಾಡೂ ಹೋಗುತ್ತದೆ.

ಕುಣಿಗಲ್ಲಿನ ಕಡೆಯ ಒಂದು ಭಜನೆ ತಂಡಕ್ಕೆ ಜೋಡಿ ಪೆಟ್ಟಿಗೆ ಕೊಟ್ಟಿದ್ದೆವು. ವಾರಕ್ಕೆ ದೂರು ಬಂತು, ಡೋಲು ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ ಅಂತ. ಸಲಕರಣೆ ಚೀಲ ಹೊತ್ತು ಹೋದೆ. ಪೆಟ್ಟಿಗೆಯಲ್ಲಿ ಏನೂ ಆಗಿರಲಿಲ್ಲ. ಕಲ್ಲುಗೋಡೆಯ ಮೂಲೆಗೆ ಒತ್ತಿ ಇಟ್ಟಿದ್ದರು, ಮೂಲೆಯ ಮೂರು ಮೈಗಳೂ ತಗ್ಗು ಸ್ವರವನ್ನು ಮುಂದಕ್ಕೆ ತಳ್ಳುತ್ತಿದ್ದವು. ಎರಡಡಿ ಈಚೆಗೆ ಎಳೆದು, ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟೆ. ಅಲ್ಲಿನ ಹೆಂಗಸರು ಕುಣಿಗಲ್ ಕೆರೆಯ ಹಾಡು ಹೇಳಿದರು, ಆ ಕೆರೆಯ ಪಕ್ಕದವರೇ ಹೇಳಿದ್ದು. ದುಡ್ಡು ತೆಗೆದುಕೊಳ್ಳಲು ಮನಸ್ಸು ಬರದೆ ಊಟ ಮಾಡಿಕೊಂಡು ಬಂದೆ.

ಈಗ ಅಂಗಡಿಯಲ್ಲಿ ಆ ಕೆಲಸ ಕಮ್ಮಿ. ತಯಾರು ಪೆಟ್ಟಿಗೆ ಅಗ್ಗಕ್ಕೆ ಬರುತ್ತದೆ. ಜಾತ್ರೆಗೆ ಟ್ರ್ಯಾಕ್ಟರ್ ತುಂಬ ಡಿ.ಜೆ. ಪೆಟ್ಟಿಗೆ ಬರುತ್ತದೆ, ಎದೆ ನಡುಗಬೇಕು ಅಂತ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಜೀವನವಿಡೀ ಸ್ಪೀಕರ್ ಮಾರಿದ ನಾನೇ ಹೇಳುತ್ತಿದ್ದೇನೆ, ದಯವಿಟ್ಟು ಅದನ್ನು ಪಾಲಿಸಿ. ಪಕ್ಕದ ಮನೆಯಲ್ಲಿ ಹಸುಗೂಸು ಇರುತ್ತದೆ, ಪರೀಕ್ಷೆಗೆ ಓದುವವರು ಇರುತ್ತಾರೆ.

ನನಗೆ ಕೊಟ್ಟ ಹತ್ತು ನಿಮಿಷ ಯಾವಾಗಲೋ ಮುಗಿಯಿತು, ಕಾರ್ಯದರ್ಶಿಗಳು ಎರಡು ಸಲ ಗಡಿಯಾರ ತೋರಿಸಿದರು. ಒಂದೇ ಮಾತು ಉಳಿದಿದೆ. ಈ ಎರಡು ಪೆಟ್ಟಿಗೆಗಳನ್ನು, ಅವುಗಳ ನಕ್ಷೆಯ ಜೊತೆ, ಅಪ್ಪನ ಹೆಸರಿನಲ್ಲಿ ಶಾಲೆಗೆ ಕೊಡುತ್ತಿದ್ದೇನೆ. ಬಲಗಡೆಯದರ ಪಕ್ಕದಲ್ಲಿ, ಮೇಲಿಂದ ಕೆಳಕ್ಕೆ ಕೂದಲಿನಂಥ ಒಂದು ಗೆರೆ ಕಾಣುತ್ತದೆ. ಅದು ಹೊಸ ಸೀಳಲ್ಲ, 1986ರದು. ಅಪ್ಪ ಅದನ್ನು ಮುಚ್ಚದೆ ಹಾಗೇ ಕೂಡಿಸಿ ಅಂಟಿಸಿದರು. ಮುಟ್ಟಿ ನೋಡಬೇಕು ಅನ್ನುವವರು ಕಾರ್ಯಕ್ರಮ ಆದಮೇಲೆ ಬನ್ನಿ. ಬರುವಾಗ ಹಳೇ ಸಾಮಾನಿನ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿಕೊಂಡು ಬನ್ನಿ. ದುಂಡು ತೂತಿನ ಕಪ್ಪುಹಲಗೆ ಅಲ್ಲೇ ಇದೆ ಅಂತ ಜವಾನರು ಬೆಳಿಗ್ಗೆ ಹೇಳಿದರು, ಸ್ಪೀಕರ್ ನನ್ನ ಚೀಲದಲ್ಲಿದೆ.